ವಿಲಿಯಂ ಹೆನ್ರಿ ಲೂಯಿಸ್ ಅಂತ ಒಬ್ಬ ಹಳೇ ಅಮೆರಿಕನ್ ಫುಟ್ಬಾಲ್ ಪ್ಲೇಯರ್, ಎರಡೆರಡು ಕಾಲೇಜಿಗೆ ಆಡಿದ್ದು ನಿಜವಾ?

ಕೋಡಿಬಾಗ_ಕಬಡ್ಡಿ:
ಅಕ್ಕನ ಮಗ ಇಲ್ಲೇ ಕಾರವಾರದಲ್ಲಿ ಪಿಯುಸಿ, ಕಬಡ್ಡಿ ಬಿಡು ಓದು ಅಂತ ಮನೇಲಿ ದಿನಾ ಗಲಾಟೆ, ಅವ ಈಗ ಎಲ್ಲಿಂದಲೋ ಈ ಹೆಸರು ಹಿಡ್ಕಂಡು ಬಂದು ಇವ ಆಡ್ತಾ ಆಡ್ತಾನೇ ದೊಡ್ಡ ವಕೀಲ ಆದ ನೋಡು ಮಾವಾ ಅಂತಾನೆ. ಆಮ್‌ಹರ್ಸ್ಟ್ ಕಾಲೇಜಿಗೂ ಆಡಿದ್ದ ಹಾರ್ವರ್ಡಿಗೂ ಆಡಿದ್ದ ಅಂತೆ. ವಾಟ್ಸಾಪ್ ಕಥೆ ಅಲ್ಲ ತಾನೆ?

ಶಿರಸಿ_ಪೇಟೆ:
ನಿಜಾನೇ ಮಾರಾಯ. ಆಗ ಡಿಗ್ರಿ ಮುಗಿಸಿದವ ಮುಂದೆ ಓದೋಕೆ ಹೋದಲ್ಲೂ ಟೀಮಿಗೆ ಸೇರಬಹುದಿತ್ತು, ತಡೆಯೋ ರೂಲ್ಸ್ ಇರ್ಲಿಲ್ಲ. ಆಮ್‌ಹರ್ಸ್ಟಲ್ಲಿ 1891ರಲ್ಲಿ ಕ್ಯಾಪ್ಟನ್, ಆಮೇಲೆ ಹಾರ್ವರ್ಡಲ್ಲಿ ಲಾ ಓದ್ತಾ 1892, 93 ಎರಡೂ ಸೀಸನ್ ಸೆಂಟರ್ ಆಡಿದ. ಸೆಂಟರ್ ಅಂದ್ರೆ ಬಾಲನ್ನ ಹಿಂದೆ ಕೊಟ್ಟು ಎದುರಿನವರ ಪೆಟ್ಟು ಮೊದಲು ತಿನ್ನೋನು, ಹೆಲ್ಮೆಟ್ ಗಿಲ್ಮೆಟ್ ಎಂತದೂ ಇಲ್ದಿದ್ದ ಕಾಲ ಬೇರೆ. ಆ ಜಾಗಕ್ಕೆ ಆಳು ಸಣ್ಣವನೇ, ಆದ್ರೂ ಎರಡೂ ವರ್ಷ ಆಲ್-ಅಮೆರಿಕ ಟೀಮಿಗೆ, ಅಂದ್ರೆ ಆ ವರ್ಷದ ಬೆಸ್ಟ್ ಕಾಲೇಜ್ ಆಟಗಾರರ ಪಟ್ಟಿಗೆ, ಸೆಲೆಕ್ಟ್, ಕರಿಯರಲ್ಲಿ ಮೊದಲನೆಯವ. ಅಪ್ಪ ಅಮ್ಮ ಇಬ್ರೂ ಗುಲಾಮಗಿರಿಯಿಂದ ಬಿಡುಗಡೆ ಆದವರು, ಇವ ಹುಟ್ಟಿದ್ದು 1868, ವರ್ಜೀನಿಯಾ.

ಯಲ್ಲಾಪುರ_ಘಟ್ಟ:
ಆಟಕ್ಕಿಂತ ಆಮೇಲಿಂದೇ ದೊಡ್ಡದು ನನಗೆ ಕೇಳಿದ್ರೆ. 1893ರಲ್ಲಿ, ಅಂದ್ರೆ ಪೇಪರ್ ತುಂಬ ಇವನ ಹೆಸರಿದ್ದ ಕಾಲದಲ್ಲೇ, ಕಾಲೇಜಿದ್ದ ಊರಲ್ಲಿ ಕ್ಷೌರದಂಗಡಿಯವ ನಿಂಗೆ ಶೇವ್ ಮಾಡಲ್ಲ ಅಂದ. ಇವ ಜಗಳ ಆಡ್ಕೋತ ಕೂರ್ಲಿಲ್ಲ, ಸೀದಾ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಹಾಕಿ, ಬಣ್ಣ ನೋಡಿ ಭೇದ ಮಾಡಬಾರ್ದು ಅನ್ನೋ ಕಾನೂನನ್ನೇ ಬಿಗಿ ಮಾಡಿಸಿದ, ಮುಂದೆ ಅದೇ ಸಭೆಗೆ ಆರಿಸಿ ಬಂದ. ಆಫ್ರಿಕಾ ಮೂಲದ ನಮ್ಮ ಸಿದ್ದಿ ಹುಡುಗ್ರು ಇದನ್ನ ಓದ್ಬೇಕು, ಎಂಬತ್ತರ ದಶಕದಲ್ಲಿ ಓಟಕ್ಕೆ ಅಂತ ಇಲ್ಲಿಂದ ಆರಿಸಿ ಕರ್ಕೊಂಡು ಹೋಗಿದ್ರು, ಆದ್ರೆ ವಿಧಾನ ಪರಿಷತ್ತಿಗೆ ಶಾಂತಾರಾಮ ಸಿದ್ದಿಯವರು ಹೋಗೋಕೆ 2020 ಬರ್ಬೇಕಾಯ್ತು.

ಕೋಡಿಬಾಗ_ಕಬಡ್ಡಿ:
ಥ್ಯಾಂಕ್ಸ್. ವಕೀಲಿಕೆ ಶುರು ಮಾಡಿದ್ಮೇಲೆ ಆಟ ಬಿಟ್ನಾ? ಅಕ್ಕ ಅದನ್ನೇ ಕೇಳ್ತಾಳೆ.

ಶಿರಸಿ_ಪೇಟೆ:
ಆಡೋದು ಬಿಟ್ಟ, ಗ್ರೌಂಡ್ ಬಿಡ್ಲಿಲ್ಲ. ಕೋರ್ಟ್ ಕೆಲಸದ ಜೊತೆ ವರ್ಷಗಟ್ಟಲೆ ಹಾರ್ವರ್ಡಿಗೆ ಕೋಚಿಂಗ್, 1896ರಲ್ಲಿ ಆಟದ ಬಗ್ಗೆ ಪುಸ್ತಕಾನೂ ಬರೆದ. 1911ರಲ್ಲಿ ಅಮೆರಿಕದ ಅಧ್ಯಕ್ಷ ಟಾಫ್ಟ್ ಇವನನ್ನ ಅಸಿಸ್ಟಂಟ್ ಅಟಾರ್ನಿ ಜನರಲ್, ಅಂದ್ರೆ ಕೇಂದ್ರ ಸರ್ಕಾರದ ದೊಡ್ಡ ವಕೀಲರಲ್ಲಿ ಒಬ್ಬ, ಮಾಡಿದ್ರು, ಆದ್ರೂ ವಕೀಲರ ಸಂಘದವರು ಕರಿಯ ಅಂತ ಗೊತ್ತಾದ್ಮೇಲೆ ಹೊರಗೆ ಹಾಕೋಕೆ ನೋಡಿದ್ರು, ಇವ ರಾಜೀನಾಮೆ ಕೊಡಲ್ಲ ಅಂದ, ಕೊಡ್ಲೂ ಇಲ್ಲ. ಆದ್ರೆ ತಮಾ, ಅಳಿಯನಿಗೆ ಇದನ್ನೂ ಹೇಳು, ಇವ ಲಾ ಪರೀಕ್ಷೆ ಪಾಸಾಗಿದ್ದ.