ಸಹಾಯ ಬೇಕು: ಬದಿಯಡ್ಕ ಪೇಟೆಯಲ್ಲೊಂದು ವಿಡಿಯೋ ಗೇಮ್ ಅಂಗಳ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನಮ್ಮ ವಾಚನಾಲಯದ ಪಕ್ಕ ಐದು ಸೆಂಟ್ಸ್ ಜಾಗ ಖಾಲಿ ಇದೆ. ಸಂಜೆಯಾದರೆ ಅಲ್ಲಿನ ಮುರಕಲ್ಲಿನ ಕಟ್ಟೆಯ ಮೇಲೆ ಒಂದು ಮೊಬೈಲನ್ನು ಏಳು ಮಕ್ಕಳು ಮುತ್ತಿಕೊಂಡಿರುತ್ತಾರೆ. ಆಡುವವನು ಒಬ್ಬ, ಉಳಿದವರು ಅವನ ಹೆಗಲ ಮೇಲಿಂದ ಕತ್ತು ಚಾಚಿ "ಬಲಕ್ಕೆ, ಬಲಕ್ಕೆ" ಎಂದು ಕೂಗುತ್ತಾರೆ. ಇವರೆಲ್ಲ ಎದ್ದು, ಓಡಾಡಿ, ಒಟ್ಟಿಗೆ ಆಡುವ ಅಂಗಳ ಮಾಡಬೇಕೆಂದು ನನ್ನ ಆಸೆ.

1998ರಲ್ಲಿ ಜಪಾನಿನ ಕೊನಾಮಿ ಕಂಪನಿ ತಂದ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ಆಟವನ್ನು ಕಾಲಿನಿಂದಲೇ ಆಡುತ್ತಾರೆ. ಡೆನ್ಮಾರ್ಕಿನಲ್ಲಿ ರೂಪುಗೊಂಡ ಯೋಹಾನ್ ಸೆಬಾಸ್ಟಿಯನ್ ಜೌಸ್ಟ್ ಆಟಕ್ಕೆ ಪರದೆಯೇ ಬೇಡ! ನಮ್ಮ ಕೈಯ ಕಂಟ್ರೋಲರ್ (ಅಲುಗಾಟ ಗುರುತಿಸುವ ಪುಟ್ಟ ಸಾಧನ) ಅಲುಗದಂತೆ ಕಾಯ್ದುಕೊಂಡು ಎದುರಾಳಿಯದನ್ನು ಅಲುಗಿಸಬೇಕು. ಸಂಗೀತದ ವೇಗ ಹೆಚ್ಚಿದಾಗ ಮಾತ್ರ ಜೋರಾಗಿ ಚಲಿಸಬಹುದು. ಪ್ರೊಜೆಕ್ಟರಿನ ಖರ್ಚಿಲ್ಲದ ಕಾರಣ ನನಗೆ ಇದೇ ಹೆಚ್ಚು ಹಿಡಿಸಿದೆ.

ಯಕ್ಷಗಾನದ ರಂಗಸ್ಥಳದಂತೆ ಮೂರು ಕಡೆ ಜನ ಕುಳಿತು ನೋಡಬೇಕು. ಬಸ್ಸಿಗೆ ಕಾಯುವ ಅಜ್ಜಿಗೂ ಸಂಕೋಚವಿಲ್ಲದೆ ಒಳಗೆ ಕಾಲಿಡಲು ಸಾಧ್ಯವಾಗಬೇಕು. ಇದನ್ನು ಹೇಗೆ ವಿನ್ಯಾಸ ಮಾಡುವುದೆಂದು ತಿಳಿಯುತ್ತಿಲ್ಲ.

ಮಳೆಗಾಲದಲ್ಲಿ ಇಲ್ಲಿನ ಸಿಮೆಂಟ್ ನೆಲಕ್ಕೆ ಪಾಚಿ ಕಟ್ಟಿ ಜಾರುತ್ತದೆ. ಓಡುವ ಮಕ್ಕಳಿಗೆ ನೆಲಕ್ಕೆ ಏನು ಹಾಸಬಹುದು? ಬೇರೆ ಕೆಲವು ಆಟಗಳಿಗೆ ಬೇಕಾಗುವ, ಚಲನೆ ಗುರುತಿಸುವ ಇನ್‌ಫ್ರಾರೆಡ್ ಕ್ಯಾಮೆರಾ ಬಿಸಿಲಿನಲ್ಲಿ ತಡವರಿಸುತ್ತದೆ. ಚಪ್ಪರ ಹಾಕಿದರೆ ಸಾಕೇ? ರಾತ್ರಿ ಎಂಟರ ನಂತರ ನೆರೆಮನೆಯವರಿಗೆ ಸದ್ದು ತಟ್ಟದಂತೆ ಸ್ಪೀಕರನ್ನು ಎಲ್ಲಿಡಬೇಕು?

ವಾಸ್ತುಶಿಲ್ಪ ಓದಿದವರು, ಗೇಮ್ ತಯಾರಿಸುವವರು ಒಂದು ನಕ್ಷೆ ಗೀಚಿ ಕಳುಹಿಸಿದರೂ ಉಪಕಾರ. ಭಾನುವಾರ ಜಾಗ ನೋಡಲು ಬರುವವರಿಗೆ ಊಟ ನಮ್ಮ ಮನೆಯಲ್ಲೇ.