ಅಪ್‌ಡೇಟ್: ಟರ್ಬೊ ಬೇಕಾ ಅಂತ ಕೇಳಿದ್ದೆ, 1.2 ತಗೊಂಡೆ

ಎರಡು ತಿಂಗಳ ಹಿಂದೆ ಕೇಳಿದ್ನಲ್ಲ, ದಿನಾ ಆಫೀಸಿಗೆ ಓಡಾಡೋಕೆ ಮಾರುತಿ ಫ್ರಾಂಕ್ಸ್ ಕಾರಲ್ಲಿ 1.2 ಲೀಟರ್ ಮಾಮೂಲಿ ಇಂಜಿನ್ ಸಾಕಾ ಇಲ್ಲಾ 1.0 ಲೀಟರ್ ಟರ್ಬೊನೇ (ಗಾಳಿನ ಒತ್ತಿ ತುಂಬಿ ಜಾಸ್ತಿ ಶಕ್ತಿ ಕೊಡೋ ಇಂಜಿನ್) ಬೇಕಾ ಅಂತ, ಕೊನೆಗೆ 1.2 ಮ್ಯಾನ್ಯುವಲ್ ತಗೊಂಡೆ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಗೇರು ಫಸ್ಟು ಸೆಕೆಂಡು ಬಿಟ್ಟು ಮೇಲಕ್ಕೆ ಹೋಗೋದೇ ಇಲ್ಲ, ಅಲ್ಲಿ 1.2ರ 90 ಪಿಎಸ್ (ಇಂಜಿನ್ ಪವರ್) ಆದ್ರೂ ಒಂದೇ, ಟರ್ಬೊದ 100 ಪಿಎಸ್ ಆದ್ರೂ ಒಂದೇ. ಆದ್ರೆ ಹೋದ ವಾರ ಊರಿಂದ ವಾಪಸ್ ಬರ್ತಾ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ, ಗಾಡೀಲಿ ನಾಲ್ಕು ಜನ, ಡಿಕ್ಕಿ ತುಂಬ ತೆಂಗಿನಕಾಯಿ, ಎಸಿ ಆನ್, ಮುಂದೆ ಗ್ಯಾಸ್ ಟ್ಯಾಂಕರ್, ನಾನು ಥರ್ಡಲ್ಲೇ ಒತ್ತಿದ್ದು ತಪ್ಪು, ಸೆಕೆಂಡಿಗೆ ಹಾಕಿ ಇಂಜಿನ್ ಜೋರಾಗಿ ಕೂಗಿದ್ಮೇಲೇನೇ ಎಳೆದಿದ್ದು. ಟಾರ್ಕ್, ಅಂದ್ರೆ ಇಂಜಿನ್ ಎಳೆಯೋ ಬಲ, ಕಡಿಮೆ ಆರ್‌ಪಿಎಂಗೇ (ಇಂಜಿನ್ ನಿಮಿಷಕ್ಕೆ ಸುತ್ತೋ ಸಲ) ಸಿಗಬೇಕು ಅಂತ ನೀವೆಲ್ಲ ಹೇಳಿದ ಮಾತು ಆಗ ತಲೆಗೆ ಹೋಯ್ತು. ನನ್ನ 1.2ರಲ್ಲಿ 113 ಎನ್‌ಎಂ ಟಾರ್ಕ್ ಪೂರ್ತಿ ಸಿಗೋದು 4400 ಆರ್‌ಪಿಎಂಗೆ, ಟರ್ಬೊದಲ್ಲಿ 147 ಎನ್‌ಎಂ 2000ಕ್ಕೇ ಬಂದ್ಬಿಡುತ್ತೆ.

ವರ್ಷಕ್ಕೆ ಮೂರ್ನಾಲ್ಕು ಸಲ ಊರಿಗೆ ಹೋಗೋ ನನಗೆ ಗೇರ್ ಇಳಿಸಿ ಓಡಿಸೋದು ಕಷ್ಟ ಏನಲ್ಲ, ವಾರವಾರ ಲೋಡ್ ಹಾಕ್ಕೊಂಡು ಘಾಟಿ ಹತ್ತೋರು ಮಾತ್ರ ದಯವಿಟ್ಟು ಟರ್ಬೊನೇ ತಗೊಳ್ಳಿ, ಓವರ್‌ಟೇಕ್ ಮಾಡುವಾಗ ಜೀವದ ಪ್ರಶ್ನೆ ಅದು.