ತುಮಕೂರು ಸುತ್ತ ಗಾಡಿ ಕಾಟವಿಲ್ಲದ ಸೈಕಲ್ ದಾರಿ: ಹಳೇ ರೈಲು ಹಾದಿಯೋ, ಹೇಮಾವತಿ ನಾಲೆ ಏರಿಯೋ?

ತುಮಕೂರು_ಪೆಡಲ್:
ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 30–40 ಕಿ.ಮೀ. ತುಳಿಯೋಕೆ ಲಾರಿ, ಬಸ್ಸು ಇಲ್ಲದ ದಾರಿ ಹುಡುಕ್ತಿದ್ದೀನಿ. 12 ವರ್ಷದ ಮಗನೂ ಜೊತೆಗೆ ಬರ್ತಾನೆ, ಹಾಗಾಗಿ ಹೈವೇ ಮಾತೇ ಬೇಡ. ಬ್ರಿಟನ್ನಿನಲ್ಲಿ ಬ್ರಿಸ್ಟಲ್‌ನಿಂದ ಬಾತ್‌ವರೆಗೆ ಮುಚ್ಚಿದ ರೈಲು ಹಾದಿಯನ್ನೇ ಸುಮಾರು 21 ಕಿ.ಮೀ. ಸೈಕಲ್ ದಾರಿ ಮಾಡಿದ್ದಾರೆ. ನಮ್ಮ ಕಡೆ ಕೋಲಾರ–ಚಿಕ್ಕಬಳ್ಳಾಪುರದ ನ್ಯಾರೋಗೇಜ್ ಹಾದಿಯಲ್ಲಿ ಹಾಗೆ ಹೋಗಬಹುದಾ? ಇಲ್ಲಾಂದ್ರೆ ಹೇಮಾವತಿ ನಾಲೆ ಪಕ್ಕದ ಸರ್ವಿಸ್ ರಸ್ತೆ ಹೇಗೆ? ನನ್ನದು 700×35 ಟೈರಿನ ಹೈಬ್ರಿಡ್, ಮಗನದು 24 ಇಂಚಿನ ದಪ್ಪ ಟೈರಿನ ಸೈಕಲ್. ನನ್ನ ತೂಕ 70 ಕೆ.ಜಿ., ಅವನದು 40.

ಹಳಿ_ಸ್ಲೀಪರ್:
ಸಾರ್, ರೈಲು ಹಾದಿ ಆಸೆ ಬಿಟ್ಟುಬಿಡಿ. ಬಂಗಾರಪೇಟೆ–ಕೋಲಾರ–ಚಿಂತಾಮಣಿ–ಚಿಕ್ಕಬಳ್ಳಾಪುರದ ಹಳೇ ಹಳಿ ಎರಡೂವರೆ ಅಡಿ ಅಗಲದ್ದು, ಅಂದರೆ 762 ಮಿ.ಮೀ. ಅದನ್ನ ಕಿತ್ತು ಹಾದಿಯನ್ನ ಖಾಲಿ ಬಿಟ್ಟಿಲ್ಲ, ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಬ್ರಾಡ್‌ಗೇಜ್ ಹಾಕಿದ್ದಾರೆ. ಕೋಲಾರ–ಚಿಕ್ಕಬಳ್ಳಾಪುರದ ತುಂಡು 2013ರಲ್ಲಿ ಶುರುವಾಯ್ತು. ನಿಮ್ಮ ಗುಬ್ಬಿ–ತಿಪಟೂರು ಲೈನೂ ಹಾಗೇ, ಮೊದಲು ಮೀಟರ್‌ಗೇಜ್, ಈಗ ಬ್ರಾಡ್‌ಗೇಜ್. ಬ್ರಿಟನ್ನಿನಲ್ಲಿ ರೈಲೇ ನಿಂತುಹೋಗಿತ್ತು, ಅದಕ್ಕೇ ಹಾದಿ ಸೈಕಲ್ಲಿಗೆ ಸಿಕ್ಕಿತು.

ಓಡ್ತಿರೋ ಹಳಿ ಪಕ್ಕ ತುಳೀತೀನಿ ಅಂದ್ರೆ ರೈಲ್ವೆ ಕಾಯ್ದೆ 1989ರ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶ: ಆರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾನೂನು ಬದಿಗಿಟ್ಟರೂ ಆ ದಪ್ಪ ಜಲ್ಲಿ ಮೇಲೆ ಚಕ್ರ ಉರುಳಲ್ಲ, ಹೂತುಕೊಳ್ಳುತ್ತೆ. ರೈಲ್ವೆ ಗಡಿಕಲ್ಲಿನ ಆಚೆ ಊರವರ ಬಂಡಿದಾರಿ ಇದ್ದಲ್ಲಿ ಮಾತ್ರ ಆರಾಮಾಗಿ ಹೋಗಿ. ಅಲ್ಲೂ ಮಳೆ ಬಂದ ಮರುದಿನ ಹಳಿ ಕೆಳಗಿನ ಅಂಡರ್‌ಪಾಸ್‌ಗಳಲ್ಲಿ ನೀರು ನಿಂತಿರುತ್ತೆ. ಆಳ ಗೊತ್ತಿಲ್ಲದೆ ಸೈಕಲ್ ಇಳಿಸಬೇಡಿ.

ನಾಲೆದಂಡೆ:
ನಿಮಗೆ ಬೇಕಾಗಿರೋದು ನಾಲೆ ಏರಿನೇ. ಬ್ರಿಟನ್ನಿನ ಕಾಲುವೆದಾರಿ ಕುದುರೆ ದೋಣಿ ಎಳೀಲಿ ಅಂತ ಮಾಡಿದ್ದು. ನಮ್ಮದು ಎಂಜಿನಿಯರು, ನೀರುಗಂಟಿಗಳು ತೂಬು ನೋಡಿಕೊಂಡು ಓಡಾಡೋಕೆ ಮಾಡಿದ್ದು. ಹಾಗಾಗಿ ಇದು ಸಾರ್ವಜನಿಕ ರಸ್ತೆ ಅಲ್ಲ ಅನ್ನೋದು ನೆನಪಿರಲಿ. ಗೇಟು ಹಾಕಿದ್ದರೆ, ಕೆಲಸ ನಡೀತಿದ್ದರೆ ವಾಪಸ್ ಬನ್ನಿ. ನೀರುಗಂಟಿ ಸಿಕ್ಕರೆ ಒಂದು ಮಾತು ಕೇಳಿ ಮುಂದೆ ಹೋಗಿ. ಮುಂದೆ ಎಲ್ಲಿ ಏರಿ ಕುಸಿದಿದೆ ಅನ್ನೋದು ಅವರಿಗೆ ಗೊತ್ತಿರುವಷ್ಟು ಯಾವ ಮ್ಯಾಪಿಗೂ ಗೊತ್ತಿರಲ್ಲ.

ದೊಡ್ಡ ನಾಲೆಗಳ ಇಳಿಜಾರು ಕಿಲೋಮೀಟರಿಗೆ ಒಂದು ಗೇಣಿನ ಆಸುಪಾಸು ಅಷ್ಟೇ. ಏರು ಇಲ್ಲ ಅಂತ ಖುಷಿಪಡ್ತೀರಿ, ಆದರೆ ಇಳಿಜಾರೂ ಇಲ್ಲ. ಪೆಡಲ್ ನಿಲ್ಲಿಸಿ ಜಾರೋ ಅವಕಾಶವೇ ಸಿಗದೆ ಸೀಟಿನ ಮೇಲೆ ಒಂದೇ ಭಂಗಿಯಲ್ಲಿ ಕೂತು ಅಂಗೈ ಜುಮುಗುಡುತ್ತೆ. ಅರ್ಧ ಗಂಟೆಗೊಮ್ಮೆ ಇಳಿದು ಎರಡು ನಿಮಿಷ ನಡೀರಿ. ಇನ್ನೊಂದು, ನಾಲೆ ನೆಲದ ಮಟ್ಟ ಹಿಡಿದು ಗುಡ್ಡ ಬಳಸಿ ಸುತ್ತುತ್ತೆ. ಊರಿಂದೂರಿಗೆ ಟಾರು ರಸ್ತೆ ತೋರಿಸೋ ದೂರ ಲೆಕ್ಕಕ್ಕೆ ಬರಲ್ಲ. ಉಪಗ್ರಹ ಚಿತ್ರ ತೆಗೆದು ನಾಲೆ ಗೆರೆ ಮೇಲೇ ಅಳೆಯಿರಿ, ಟಾರು ರಸ್ತೆ ದಾಟೋ ಸೇತುವೆಗಳನ್ನೆಲ್ಲ ಗುರುತು ಮಾಡಿಕೊಳ್ಳಿ. ಏನಾದರೂ ಆದರೆ ಹೊರಗೆ ಬರೋ ಬಾಗಿಲು ಅವೇ.

ನಾಲೆ ಶುರುವಾಗೋ ಗೊರೂರು ಅಣೆಕಟ್ಟೆವರೆಗೂ ಏರಿ ಮೇಲೇ ಹೋಗಬಹುದು ಅಂದುಕೊಳ್ಳೋರೂ ಇದ್ದಾರೆ. ಆಗಲ್ಲ. ಚನ್ನರಾಯಪಟ್ಟಣದ ಕಡೆ ಬಾಗೂರು–ನವಿಲೆ ಸುರಂಗದಲ್ಲಿ ನಾಲೆ ನೆಲದೊಳಗೆ ಹೋಗಿಬಿಡುತ್ತೆ.

ಸಣ್ಣ ಹಳ್ಳ ಸಿಕ್ಕಲ್ಲಿ ಏರಿ ಕೆಳಗೆ ಮೋರಿ ಇರುತ್ತೆ, ಗೊತ್ತೇ ಆಗದಂತೆ ದಾಟ್ತೀರಿ. ದೊಡ್ಡ ಹಳ್ಳ ಬಂದಾಗ ನಾಲೆ ಕಂಬಗಳ ಮೇಲಿನ ಮೇಲ್ಗಾಲುವೆಯಲ್ಲಿ ಹರಿಯುತ್ತೆ, ರಸ್ತೆ ಹಳ್ಳಕ್ಕಿಳಿದು ಆಚೆ ಹತ್ತುತ್ತೆ. ಮೇಲ್ಗಾಲುವೆಯ ಗೋಡೆ ಮೇಲೆ ಸೈಕಲ್ ತಳ್ಳಿಕೊಂಡು ದಾಟೋಣ ಅನ್ನೋ ಯೋಚನೆ ಬೇಡವೇ ಬೇಡ. ಕಂಬಿಯಿಲ್ಲದ ಕಡೆ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಪ್ರಪಾತ. ಅದರ ಕೆಳಗೆ ಹೆಜ್ಜೇನು ಕಟ್ಟಿರಬಹುದು, ತಲೆಯೆತ್ತಿ ನೋಡಿ ಸದ್ದು ಮಾಡದೆ ದಾಟಿ.

ಮಳೆ ವಿಚಾರ: ಗರಸು ಹಾಕಿದ ಕಡೆ ಅರ್ಧ ದಿನ ಒಣಗಿದರೆ ಸಾಕು. ಜೇಡಿಮಣ್ಣಿನ ಕಡೆ ಎರಡು ದಿನ ಬಿಸಿಲು ಬೇಕೇ ಬೇಕು. ಜೇಡಿ ಟೈರಿಗೆ ಮೆತ್ತಿ, ಮೇಲೆ ಕಲ್ಲು, ಹುಲ್ಲು ಅಂಟಿ, ಫೋರ್ಕಿನ ಸಂದಿಯಲ್ಲಿ ಗಟ್ಟಿಯಾಗಿ ಚಕ್ರ ನಿಂತೇ ಹೋಗುತ್ತೆ. ಆಗ ಜೋರಾಗಿ ಪೆಡಲ್ ಒತ್ತಿದರೆ ಹಿಂದಿನ ಗೇರ್ ಬಾಗಿ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತೆ. ಇಳಿದು, ಕಡ್ಡಿಯಿಂದ ಕೆರೆದು, ಹುಲ್ಲಿನ ಮೇಲೆ ತಳ್ಳಿಕೊಂಡು ಹೋಗಿ.

ಪಂಚರ್_ಪೆಟ್ಟಿಗೆ:
ಟೈರ್ ಸಾಕು ಸಾರ್, 35 ಇದ್ದರೆ ನಡೆಯುತ್ತೆ, 40 ಇದ್ದರೆ ಇನ್ನೂ ಸುಖ. ನೋಡಿದರೆ ಹಾಲಿನವರ 28 ಇಂಚಿನ ಹಳೇ ಸೈಕಲ್ಲಿನ ಒಂದೂವರೆ ಇಂಚಿನ ಟೈರೂ ಹೆಚ್ಚುಕಡಿಮೆ 40 ಮಿ.ಮೀ.ನದೇ. ಏರಿಗೆ ಹೇಳಿ ಮಾಡಿಸಿದ ಸೈಕಲ್ ಅದು.

ಎಡವಟ್ಟಾಗೋದು ಗಾಳಿಯಲ್ಲಿ. ಟಾರು ರಸ್ತೆಗೆ ಹೊಡೆಯೋ 70 ಪಿಎಸ್‌ಐ ಇಟ್ಟುಕೊಂಡು ಏರಿಗೆ ಹೋದರೆ ಕಲ್ಲುಕಲ್ಲಿಗೂ ಚಕ್ರ ಪುಟಿಯುತ್ತೆ. ನಿಮ್ಮ ತೂಕಕ್ಕೆ ಮುಂದೆ 45, ಹಿಂದೆ 50ರಿಂದ ಶುರು ಮಾಡಿ. ಮಗನ ಸೈಕಲ್ಲಿಗೆ 30 ಸಾಕು. ಇನ್ನೂ ಇಳಿಸಿದರೆ ಕಲ್ಲಿಗೆ ತಾಗಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತೆ. ಟ್ಯೂಬಿನಲ್ಲಿ ಜೋಡಿ ತೂತು ಕಂಡರೆ ಮುಳ್ಳು ಹುಡುಕಬೇಡಿ, ಗಾಳಿ ಕಮ್ಮಿಯಾಗಿದೆ ಅಂತ ಅರ್ಥ.

ಮುಳ್ಳಿನಲ್ಲಿ ಎರಡು ಜಾತಿ. ಜಾಲಿ ಮುಳ್ಳು ಉದ್ದ, ಗಟ್ಟಿ, ಬೇಲಿ ಸವರಿದ ಕಡೆ ಬಿದ್ದಿರುತ್ತೆ, ಕಣ್ಣಿಗೆ ಕಾಣುತ್ತೆ. ನೆಗ್ಗಿಲು ಕಾಣಲ್ಲ. ಹಳದಿ ಹೂವಿನ ಆ ಬಳ್ಳಿ ನೆಲಕ್ಕೆ ಅಂಟಿಕೊಂಡೇ ಹಬ್ಬುತ್ತೆ. ಕಾಯಿ ಒಣಗಿ ಐದು ಹೋಳಾಗುತ್ತೆ, ಹೋಳು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತೆ. ಹಾಗಾಗಿ ಏರಿಯ ಹುಲ್ಲಂಚು ಬಿಟ್ಟು, ಟ್ರಾಕ್ಟರ್ ಚಕ್ರ ಸವೆಸಿದ ಜಾಡಿನಲ್ಲೇ ಹೋಗಿ. ನಿಂತು ನೀರು ಕುಡಿಯುವಾಗಲೂ ಸೈಕಲ್ಲನ್ನ ಹುಲ್ಲಿಗೆ ಉರುಳಿಸಬೇಡಿ.

ನೆಗ್ಗಿಲು ಚುಚ್ಚಿದ್ದು ಕಂಡ ತಕ್ಷಣ ಕೀಳಬೇಡಿ. ಮೊದಲು ಚಕ್ರ ಬಿಚ್ಚಿ, ಎಲ್ಲೆಲ್ಲಿ ಚುಚ್ಚಿದೆ ಅಂತ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಆಮೇಲೆ ಒಂದೊಂದೇ ಕೀಳಿ. ಟೈರಿನ ಒಳಗೆ ಬೆರಳಾಡಿಸದೆ ಬಟ್ಟೆ ಆಡಿಸಿ, ಉಳಿದ ಮೊನೆ ಬಟ್ಟೆಗೆ ಸಿಕ್ಕಿಕೊಳ್ಳುತ್ತೆ. ತೂತಿನ ಸುತ್ತ ಉಪ್ಪು ಕಾಗದದಲ್ಲಿ ಹೊಳಪು ಹೋಗೋವರೆಗೆ ಉಜ್ಜಿ ಸೊಲ್ಯೂಷನ್ ತೆಳ್ಳಗೆ ಸವರಿ. ಬೆರಳಿಗೆ ಅಂಟದಷ್ಟು ಒಣಗಲಿ, ಮೂರರಿಂದ ಐದು ನಿಮಿಷ. ಪ್ಯಾಚು ಒಂದು ಗಂಟೆಗೇ ಕಿತ್ತುಬರೋದಕ್ಕೆ ಹೆಚ್ಚಿನ ಸಲ ಕಾರಣ ಸೊಲ್ಯೂಷನ್ ಹಸಿಯಿರುವಾಗಲೇ ಅಂಟಿಸಿದ್ದು. ಒಬ್ಬೊಬ್ಬರ ಸೈಕಲ್ಲಿಗೂ ಎರಡು ಟ್ಯೂಬು, ಆರು ಪ್ಯಾಚು, ಒಂದು ಪಂಪು ಇರಲಿ. ಹಳೇ ಮಾದರಿ ವಾಲ್ ಆದರೆ ಎರಡು ಇಂಚು ವಾಲ್‌ಟ್ಯೂಬ್ ರಬ್ಬರೂ ಬೇಕು.

ತುಮಕೂರು_ಪೆಡಲ್:
ತುಂಬಾ ಉಪಕಾರ ಆಯ್ತು. ನಾಲೆಯಲ್ಲಿ ನೀರಿರುವಾಗ ಮಗನನ್ನ ಕರೆದುಕೊಂಡು ಹೋಗಬಹುದಾ?

ನಾಲೆದಂಡೆ:
ಮೊದಲ ಸಲ ಬೇಡ ಸಾರ್. ಮುಂಗಾರಿಗೆ ಗೊರೂರು ಅಣೆಕಟ್ಟೆ ತುಂಬಿದ ಮೇಲೆ ನಾಲೆಗೆ ನೀರು ಬಿಡ್ತಾರೆ. ಬೇಸಿಗೆಯಲ್ಲಿ ನಾಲೆ ಖಾಲಿ ಇರುವಾಗ ದಾರಿ ಪರಿಚಯ ಮಾಡಿಕೊಳ್ಳಿ. ಸಿಮೆಂಟ್ ಹಾಕಿದ ನಾಲೆಯ ಇಳಿಜಾರು ಪಾಚಿ ಕಟ್ಟಿ ಬೆಣ್ಣೆ ಹಾಗಿರುತ್ತೆ. ಈಜು ಬರೋರಿಗೂ ಮೇಲೆ ಹತ್ತೋಕೆ ಹಿಡಿತ ಸಿಗಲ್ಲ. ಕೈ ತೊಳೆಯೋಕೂ ಮಗನನ್ನ ಇಳಿಯಲು ಬಿಡಬೇಡಿ, ಅದಕ್ಕೆ ಕಟ್ಟಿದ ಮೆಟ್ಟಿಲಿದ್ದರೂ ಅಷ್ಟೇ. ತಲಾ ಮೂರು ಲೀಟರ್ ನೀರು ಮನೆಯಿಂದಲೇ ಒಯ್ಯಿರಿ. ಸವಾರಿಯಲ್ಲಿ ಅವನು ಹೊಲದ ಪಕ್ಕ, ನೀವು ನೀರಿನ ಪಕ್ಕ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬಾರದು, ದಡದಲ್ಲೇ ಮಲಗಿ ಹಗ್ಗ ಎಸೆಯಬೇಕು. 15 ಮೀಟರ್ ನೈಲಾನ್ ಹಗ್ಗ ಸೀಟಿನ ಕೆಳಗೆ ಕಟ್ಟಿಕೊಳ್ಳಿ. ದಾರಿಯಲ್ಲಿ ಸಿಗೋ ಚೈನೇಜ್ ಕಲ್ಲಿನ (ನಾಲೆ ಉದ್ದಕ್ಕೂ ದೂರ ಬರೆದು ನೆಟ್ಟಿರೋ ಕಲ್ಲು) ನಂಬರು ಗಮನಿಸ್ತಾ ಹೋಗಿ. 112ಕ್ಕೆ ಫೋನ್ ಮಾಡಿದರೆ ಹತ್ತಿರದ ಊರಿನ ಹೆಸರಿನ ಜೊತೆ ಅದನ್ನೂ ಹೇಳಿ.

ಎಮ್ಮೆ, ಕುರಿ ಎದುರಾದರೆ ಬೆಲ್ ಹೊಡೆಯದೆ ಇಳಿದು ಹೊಲದ ಪಕ್ಕ ನಿಂತುಬಿಡಿ. ಗಾಬರಿಯಾದ ಎಮ್ಮೆ ತಳ್ಳಿದರೆ ನೀರಿಗೆ ಬೀಳೋರು ನೀವೇ.

ಕೆರೆಕೋಡಿ_ಕೋಲಾರ:
ಕೋಲಾರ, ಚಿಕ್ಕಬಳ್ಳಾಪುರದವರು ಯಾರಾದರೂ ಓದ್ತಿದ್ದರೆ: ನಮ್ಮಲ್ಲಿ ಇಂಥ ನಾಲೆಯಿಲ್ಲ, ಕೆರೆ ಏರಿಗಳೇ ಗತಿ. ಒಂದು ಏರಿಯಿಂದ ಇನ್ನೊಂದಕ್ಕೆ ಹಳ್ಳಿ ದಾರಿ ಹೊಲಿದುಕೊಂಡರೆ 30 ಕಿ.ಮೀ. ಆರಾಮಾಗಿ ಆಗುತ್ತೆ. ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಹರಿಯೋ ಕೆರೆಗಳಲ್ಲಿ ಬೇಸಿಗೆಯಲ್ಲೂ ಕೋಡಿ ಹರೀತಿರಬಹುದು. ಕೋಡಿ ಕಲ್ಲಿನ ಮೇಲೆ ನೀರು ಕಂಡರೆ ಸೈಕಲ್ ಹೊತ್ತುಕೊಂಡೂ ದಾಟಬೇಡಿ, ಬಳಸಿ ಹೋಗಿ.

ತುಮಕೂರು_ಪೆಡಲ್:
ಸರಿ ಹಾಗಾದರೆ. ಗುಬ್ಬಿ ಕಡೆ ಎರಡು ಟಾರು ಸೇತುವೆ ನಡುವಿನ 12 ಕಿ.ಮೀ. ಗುರುತು ಮಾಡಿದ್ದೀನಿ. ನಾಲೆಗೆ ನೀರು ಬಿಡೋದು ನಿಂತ ಮೇಲೆ ಮೊದಲು ಒಬ್ಬನೇ ಹೋಗಿ ನೋಡ್ತೀನಿ, ಏರಿ ಕುಸಿದ ಜಾಗ ಸಿಕ್ಕರೆ ಚೈನೇಜ್ ಕಲ್ಲಿನ ನಂಬರ್ ಸಮೇತ ಇಲ್ಲೇ ಹಾಕ್ತೀನಿ.